ಮೀಟರ್ ಬೋರ್ಡ್ ಬದಲಿಸದೆ ಸ್ಪೀಡೋಮೀಟರ್ ಸರಿಹೋಯ್ತು

ಮದ್ದೂರು ಕಡೆಯ ಟ್ಯಾಕ್ಸಿ. ಓಡ್ತಾ ಓಡ್ತಾ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ವ್ಯವಸ್ಥೆ) ಲೈಟ್ ಹತ್ತೋದು, ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬೀಳೋದು, ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗೋದು. ಮಂಡ್ಯದ ನನ್ನ ಶೆಡ್ಡಿಗೆ ಬರೋ ಹೊತ್ತಿಗೆ ಓನರ್ ಸುಮಾರು 12,000 ಕಳ್ಕೊಂಡಿದ್ರು. ವೀಲ್ ಸೆನ್ಸರ್ ಹೊಸದು, ಮುಂದಿನ ಬೇರಿಂಗ್ ಹೊಸದು, ಗುಣ ಕಾಣಲಿಲ್ಲ. ಇನ್ನು ಮೀಟರ್ ಬೋರ್ಡೇ ಹೋಗಿರೋದು, 22,000 ಆಗುತ್ತೆ ಅಂತ ಹಿಂದೆ ನೋಡಿದ ಮೆಕ್ಯಾನಿಕ್‌ಗಳು ಅಂದಿದ್ರಂತೆ.

ಸ್ಕ್ಯಾನರಲ್ಲಿ ಯು0121 ಅನ್ನೋ ಕೋಡ್, ಅಂದ್ರೆ ಎಬಿಎಸ್ ಮಾಡ್ಯೂಲ್ (ಎಬಿಎಸ್ ನಡೆಸೋ ಕಂಪ್ಯೂಟರ್) ಸಂಪರ್ಕಕ್ಕೆ ಸಿಗ್ತಿಲ್ಲ. ಈ ಗಾಡೀಲಿ ಚಕ್ರದ ಸ್ಪೀಡ್ ಮೀಟರ್ ಬೋರ್ಡಿಗೆ ಹೋಗೋದು ಅದರಿಂದಲೇ. ಸ್ಕ್ಯಾನರಿಂದಲೇ ಮುಳ್ಳು ಆಡಿಸಿದೆ, ಕೊನೆ ತನಕ ಹೋಗಿ ಬಂತು. ಬೋರ್ಡಿಗೆ ಏನೂ ಆಗಿಲ್ಲ. ಬ್ಯಾಟರಿ ಬಿಚ್ಚಿ ಸ್ಕ್ಯಾನರ್ ಚುಚ್ಚೋ ಸಾಕೆಟ್ಟಿನ 6, 14ನೇ ಪಿನ್ ಮಧ್ಯೆ ನೋಡಿದೆ, ಇರಬೇಕಾದ 60 ಓಮ್ ಇತ್ತು. ಮಾಡ್ಯೂಲ್‌ಗಳು ಒಂದಕ್ಕೊಂದು ಮಾತಾಡೋ ಕ್ಯಾನ್ ಲೈನೂ ಸರಿ. ಶ್ರೀರಂಗಪಟ್ಟಣದ ಕಡೆ ಓಡಿಸ್ತಾ ಲೈವ್ ಡೇಟಾ ನೋಡಿದಾಗ ನಾಲ್ಕೂ ಚಕ್ರದ ಸ್ಪೀಡ್ ಒಟ್ಟಿಗೇ ಮಾಯ. ಸೆನ್ಸರ್ ಕೆಟ್ಟಿದ್ರೆ ಒಂದು ಚಕ್ರ ಹೋಗಬೇಕಿತ್ತು.

ಅಲ್ಲಿಗೆ ಮಾಡ್ಯೂಲಿನ ಅರ್ತ್ (ಕರೆಂಟ್ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗೋ ವೈರ್) ಮೇಲೇ ನನ್ನ ಅನುಮಾನ. ಹಿಂದೆ ನೋಡಿದವರು ಮಲ್ಟಿಮೀಟರ್ ಇಟ್ಟು, ಒಂದು ಓಮಿನೊಳಗೆ ಇದೆ, ಸಾಕು ಅಂತ ಬಿಟ್ಟಿದ್ರು. ಮಲ್ಟಿಮೀಟರ್ ಹರಿಸೋ ಕರೆಂಟ್ ಎಷ್ಟು? ಎಬಿಎಸ್ ಪಂಪ್ ಎಳೆಯೋದೆಷ್ಟು? ಜಾಸ್ತಿ ಕರೆಂಟ್ ಹರಿಸಿದ್ರೇನೇ ಅರ್ತಿನ ದೋಷ ಗೊತ್ತಾಗೋದು. ಕನೆಕ್ಟರ್ ಬಿಚ್ಚಿ, ಬ್ಯಾಟರಿ ಪ್ಲಸ್ಸಿಂದ 55 ವ್ಯಾಟ್ ಹೆಡ್‌ಲೈಟ್ ಬಲ್ಬ್ ಮೂಲಕ ದಪ್ಪ ಅರ್ತ್ ವೈರಿಗೆ ಕೊಟ್ಟೆ. ಪಕ್ಕದ ಶೆಡ್ಡಿನವನು ನಕ್ಕ: "ಏನಣ್ಣ, ಕಂಪ್ಯೂಟರ್ ಗಾಡಿಗೆ ಬಲ್ಬಾ? ಸುಟ್ಟೀಯ ನೋಡು." ಬಲ್ಬ್ ಮಂಕಾಗಿ ಉರೀತು, ಎರಡೂವರೆ ವೋಲ್ಟ್ ಹತ್ತಿರ ಅರ್ತಲ್ಲೇ ಹೋಗ್ತಿತ್ತು. ತೆಳ್ಳಗಿನ ಸಿಗ್ನಲ್ ವೈರಿಗೆ ಮಾತ್ರ ಇದನ್ನ ಮಾಡಬೇಡಿ. ಕನೆಕ್ಟರ್ ಪಿನ್ ಅಗಲ ಆಗದ ಹಾಗೆ ಬಲ್ಬ್ ಹೇಗೆ ಸೇರಿಸ್ತೀನಿ ಅನ್ನೋದು ಸದ್ಯ ನನ್ನ ಹತ್ರಾನೇ ಇರಲಿ.

ವೈರನ್ನ ಕೈಯಲ್ಲಿ ಅಲ್ಲಾಡಿಸ್ತಾ ಹೋದೆ. ಬ್ಯಾಟರಿ ತಟ್ಟೆ ಕೆಳಗೆ ಬಂದಾಗ ಬಲ್ಬ್ ಮಿಣಮಿಣ ಅಂತು. ಟೇಪ್ ಬಿಚ್ಚಿದ್ರೆ ಲಗ್ (ವೈರ್ ತುದಿಯ ಲೋಹದ ಉಂಗುರ) ಬುಡದಲ್ಲಿ ಹಸಿರು ಪುಡಿ, ಉಳಿದಿದ್ದು ನಾಲ್ಕೈದು ಎಳೆ. ಬ್ಯಾಟರಿ ಆಸಿಡ್ ಸೋರಿ ತಾಮ್ರ ತಿಂದಿತ್ತು. ಹಸಿರು ಹೋಗೋ ತನಕ ಕತ್ತರಿಸಿ ಹೊಸ ಲಗ್ ಒತ್ತಿ, ಸ್ಲೀವ್ ಹಾಕಿ, ವ್ಯಾಸಲೀನ್ ಸವರಿದೆ. ಬಲ್ಬ್ ಬೆಳ್ಳಗೆ ಉರೀತು.

ಈ ಮಧ್ಯೆ ಹಿಂದೆ ನೋಡಿದವರು ತೆಗೆದಿಟ್ಟಿದ್ದ ಹಳೇ ಬೇರಿಂಗಿಗೆ ಸ್ಟೇಪ್ಲರ್ ಪಿನ್ ಹಿಡಿದು ನೋಡ್ದೆ. ಒಂದೇ ಬದಿಗೆ ಅಂಟುತ್ತೆ, ಸೆನ್ಸರ್ ಓದೋ ಆಯಸ್ಕಾಂತ ಇರೋದು ಅಲ್ಲೇ. ತಿರುಗಿಸಿ ಕೂರಿಸಿದ್ರೆ ಆ ಚಕ್ರದ ಸ್ಪೀಡೇ ಬರಲ್ಲ. ಹೊಸ ಬೇರಿಂಗ್ ಒತ್ತೋ ಮೊದಲು ಈಗ ಪಿನ್ ಹಿಡಿದೇ ನೋಡ್ತೀನಿ.

ಸಾಮಾನಿಗೆ ನೂರು ರೂಪಾಯಿಯೊಳಗೆ, ಕೂಲಿ ಒಂದೂವರೆ ಸಾವಿರ ತಗೊಂಡೆ. ನಕ್ಕವನು ಮೊನ್ನೆ ಮೈಸೂರಿನ ಗಾಡಿಯೊಂದನ್ನ ತಂದು ನಿಲ್ಲಿಸಿದ್ದಾನೆ, ಅದರಲ್ಲಿ ಹಿಂದಿನ ಎರಡೇ ಚಕ್ರ ಮಾಯ ಆಗ್ತಿವೆ. ಅದು ಅರ್ತ್ ಅಲ್ಲ, ನೋಡ್ತಿದ್ದೀನಿ.