ಕೋಳಿ ಗೊರಗುಟ್ಟಿದರೆ ಮೊದಲು ಸ್ಯಾಂಪಲ್, ಆಮೇಲೆ ಔಷಧಿ

ಚಿಂತಾಮಣಿ ಕಡೆಯ ರೈತರೊಬ್ಬರು ಸತ್ತ ನಾಲ್ಕು ಕೋಳಿಗಳನ್ನು ಫೀಡಿನ ಚೀಲದಲ್ಲಿ ಕಟ್ಟಿಕೊಂಡು, ಬಸ್ಸು ಹತ್ತಿ ಲ್ಯಾಬಿಗೆ ಬಂದಿದ್ದರು. ಕೋಳಿಗಳು ಹಿಂದಿನ ದಿನವೇ ಸತ್ತಿದ್ದವು. ಚೀಲ ಬಿಚ್ಚುವಾಗಲೇ ವಾಸನೆ. ಹೊಟ್ಟೆ ಹಸಿರು ತಿರುಗಿತ್ತು. ನೋಡಲು ಏನೂ ಉಳಿದಿರಲಿಲ್ಲ. ಮನೆಯಲ್ಲಿ ಉಳಿದ ಹಕ್ಕಿಗಳಿಗೆ ಮೂರು ದಿನದಿಂದ ಎರಡು ಬಗೆಯ ಆಂಟಿಬಯೋಟಿಕ್ ಕುಡಿಸುತ್ತಿದ್ದರು. ರೋಗ ಯಾವುದು ಅಂತ ಗೊತ್ತಾಗುವಷ್ಟರಲ್ಲಿ ಶೆಡ್ಡು ಅರ್ಧ ಖಾಲಿಯಾಗಿತ್ತು. ಇಂಥದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಅದಕ್ಕೇ ಈ ಲೇಖನ.

ಎಲ್ಲಕ್ಕಿಂತ ಮೊದಲು ಒಂದು ಎಚ್ಚರಿಕೆ. ಒಂದೇ ದಿನದಲ್ಲಿ ಹಕ್ಕಿಗಳು ಸಾಲುಸಾಲಾಗಿ ಸತ್ತರೆ, ಜುಟ್ಟು ನೀಲಿಗಟ್ಟಿದ್ದರೆ, ಮುಖ ಊದಿ ಕಾಲಿನ ಮೇಲೆ ಕೆಂಪು ಮಚ್ಚೆ ಕಂಡರೆ ಒಂದು ಕೋಳಿಯನ್ನೂ ಕೊಯ್ಯಬೇಡಿ. ಅದು ಹಕ್ಕಿಜ್ವರ ಇರಬಹುದು, ಮನುಷ್ಯರಿಗೂ ಬರಬಹುದು. ನಮ್ಮಲ್ಲಿ 2012ರಲ್ಲಿ ಹೆಸರಘಟ್ಟದಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಬಂದಿದ್ದನ್ನು ಮರೆಯಬಾರದು. ಗೇಟು ಹಾಕಿ, ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಸ್ಯಾಂಪಲ್ಲನ್ನು ಇಲಾಖೆಯವರೇ ತೆಗೆದು ಭೋಪಾಲದ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಹೇಳಿದರೆ ನಷ್ಟ ಅಂತ ಮುಚ್ಚಿಡುವವರಿದ್ದಾರೆ. ಸರ್ಕಾರ ಪರಿಹಾರ ಕೊಡುವುದು ರೋಗ ತಡೆಯಲು ಕೊಂದ ಕೋಳಿಗೆ, ಮೊದಲೇ ಸತ್ತ ಕೋಳಿಗಲ್ಲ. ತಡ ಮಾಡಿದಷ್ಟೂ ಕಳೆದುಕೊಳ್ಳುವುದು ನೀವೇ.

ಹಂತ 1: ಕಿವಿ ಕೊಡಿ

ರಾತ್ರಿ ದೀಪ, ಫ್ಯಾನ್ ಆರಿಸಿ ಶೆಡ್ಡಿನ ನಡುವೆ ನಿಂತು ಒಂದು ಶಿಳ್ಳೆ ಹಾಕಿ. ಹಕ್ಕಿಗಳು ಗಪ್‌ಚಿಪ್ ಆಗುತ್ತವೆ. ಆಗ ಸೀನು, ಗೊರಗೊರ ಎಲ್ಲ ಸ್ಪಷ್ಟವಾಗಿ ಕೇಳುತ್ತದೆ. ಹಾಗೇ ಮಂಡಿಯೂರಿ ಕೋಳಿಯ ಎತ್ತರಕ್ಕೆ ಮೂಗಿಟ್ಟು ಉಸಿರೆಳೆದುಕೊಳ್ಳಿ. ಕಣ್ಣು ಉರಿದರೆ ಲಿಟರ್‌ನ, ಅಂದರೆ ನೆಲಕ್ಕೆ ಹಾಕಿದ ಹಾಸಿನ, ಅಮೋನಿಯಾ ಜಾಸ್ತಿಯಾಗಿದೆ, ಮೊದಲು ಅದನ್ನು ಸರಿ ಮಾಡಿ. ಲಸಿಕೆ ಹಾಕಿ ಮೂರು-ನಾಲ್ಕು ದಿನ ಆಗಿದ್ದರೆ ಸಣ್ಣ ಸೀನು ಸಹಜ, ತಾನಾಗಿಯೇ ಇಳಿಯುತ್ತದೆ.

ಹಂತ 2: ಲೆಕ್ಕ ಬರೆಯಿರಿ

ವಯಸ್ಸು, ದಿನದಿನದ ಸಾವು, ಫೀಡು, ನೀರು, ಮೊಟ್ಟೆ, ಲಸಿಕೆಯ ಹೆಸರು ಮತ್ತು ತಾರೀಕು. ಒಂದು ಹಾಳೆ ಸಾಕು. ಸಾವು ಏರುವ ಮೊದಲೇ ನೀರು ಕುಡಿಯುವುದು ಕಡಿಮೆಯಾಗುತ್ತದೆ, ಅದನ್ನು ಬರೆಯದೆ ಬಿಡಬೇಡಿ.

ಹಂತ 3: ಅಂದಾಜು ಮಾಡಿ, ಆದರೆ ನಂಬಬೇಡಿ

ಹಸಿರು ಭೇದಿ, ತಿರುಚಿದ ಕತ್ತು, ಕಾಲು ರೆಕ್ಕೆ ಬಿದ್ದುಹೋದರೆ ಕೊಕ್ಕರೆ ರೋಗದ ಕಡೆ ಯೋಚನೆ ಹೋಗುತ್ತದೆ. ಇದನ್ನೇ ರಾಣಿಖೇತ್ ಅನ್ನುವುದು. ಒಂದೆರಡು ದಿನದಲ್ಲಿ ಇಡೀ ಶೆಡ್ಡಿಗೆ ಸೀನು ಹಬ್ಬಿ, ಲೇಯರ್‌ಗಳಲ್ಲಿ (ಮೊಟ್ಟೆ ಕೋಳಿಗಳಲ್ಲಿ) ಸುಕ್ಕು ಮೊಟ್ಟೆ, ಒಡೆದರೆ ನೀರಿನಂಥ ಬಿಳಿಭಾಗ ಕಂಡರೆ ಐಬಿ, ಅಂದರೆ ಇನ್ಫೆಕ್ಷಿಯಸ್ ಬ್ರಾಂಕೈಟಿಸ್ ಇರಬಹುದು. ಕತ್ತು ಚಾಚಿ ಬಾಯಿ ತೆರೆದು ಉಸಿರಾಡಿ, ಗೋಡೆ ಮೇಲೆ ರಕ್ತದ ಕಫ ಎರಚಿದ್ದರೆ ಐಎಲ್‌ಟಿ, ಅಂದರೆ ಇನ್ಫೆಕ್ಷಿಯಸ್ ಲ್ಯಾರಿಂಗೋಟ್ರೇಕಿಯೈಟಿಸ್ ಇರಬಹುದು. ಮುಖ ಊದಿ, ಮೂಗಿನ ಸಿಂಬಳ ನಾರುತ್ತಿದ್ದರೆ ಅದು ವೈರಸ್ಸೇ ಅಲ್ಲದಿರಬಹುದು. ಕೊರೈಜಾ ಇರಬಹುದು, ಅದು ಬ್ಯಾಕ್ಟೀರಿಯಾದ ರೋಗ.

ಆದರೆ ಫಾರಂನಲ್ಲಿ ರೋಗಗಳು ಒಂದೊಂದಾಗಿ ಬರುವುದು ಕಡಿಮೆ. ವೈರಸ್ ದಾರಿ ಮಾಡಿಕೊಡುತ್ತದೆ, ಹಿಂದೆಯೇ ಮೈಕೋಪ್ಲಾಸ್ಮಾ, ಇ-ಕೊಲೈ ಎಂಬ ಬ್ಯಾಕ್ಟೀರಿಯಾಗಳು ನುಗ್ಗುತ್ತವೆ. ಕೊಯ್ದಾಗ ಹೃದಯದ ಮೇಲೆ ಬಿಳಿ ಪೊರೆ ನೋಡಿ 'ಇ-ಕೊಲೈ, ಅಷ್ಟೇ' ಅಂತ ಹೇಳಿಬಿಡುವುದು ಎಲ್ಲರೂ ಮಾಡುವ ತಪ್ಪು. ಕಣ್ಣಂದಾಜಿನ ಮೇಲೆ ಔಷಧಿ ಸುರಿಯಬೇಡಿ.

ಹಂತ 4: ಸ್ಯಾಂಪಲ್

ಕೆಲಸ ಕೆಡುವುದು ಇಲ್ಲೇ. ಪಶುವೈದ್ಯರನ್ನು ಕರೆಸಿ, ನೀವು ಪಕ್ಕದಲ್ಲಿ ನಿಂತು ಒಂದೊಂದನ್ನೂ ನೋಡಿಕೊಳ್ಳಿ.

ಯಾವ ಹಕ್ಕಿ? ಸತ್ತದ್ದಲ್ಲ. ಮೂಲೆಯಲ್ಲಿ ಸಾಯಲು ಬಿದ್ದದ್ದೂ ಅಲ್ಲ. ನಿನ್ನೆ ಮೊನ್ನೆ ಸೀನಲು ಶುರು ಮಾಡಿದ, ಇನ್ನೂ ಓಡಾಡುವ ಹಕ್ಕಿ ಬೇಕು. ವೈರಸ್ ಗಂಟಲಲ್ಲಿ ಜಾಸ್ತಿ ಇರುವುದು ಮೊದಲ ಕೆಲವು ದಿನ ಮಾತ್ರ. ವಾರ ಕಳೆದ ಹಕ್ಕಿಯಲ್ಲಿ ಉಳಿಯುವುದು ಬ್ಯಾಕ್ಟೀರಿಯಾದ ಕೊಳೆ. ಐಬಿ ಅನುಮಾನವಿದ್ದು ವಾರ ದಾಟಿಹೋಗಿದ್ದರೆ ಗಂಟಲು ಬಿಟ್ಟು ಕಿಡ್ನಿ ಮತ್ತು ಸೀಕಲ್ ಟಾನ್ಸಿಲ್ (ಕರುಳಿನಲ್ಲಿರುವ ಒಂದು ಗ್ರಂಥಿ) ಕಳಿಸಲು ಹೇಳಿ. ಶೆಡ್ಡಿನ ಬೇರೆ ಬೇರೆ ಕಡೆಯಿಂದ ಕನಿಷ್ಠ ಹತ್ತು ಹಕ್ಕಿ ಹಿಡಿಯಿರಿ. ಎರಡು ಹಕ್ಕಿ ಸಾಕು ಅನ್ನುವವರ ಮಾತು ಕೇಳಬೇಡಿ.

ಗಂಟಲಿನ ದ್ರವ ಒರೆಸಿ ತೆಗೆಯುವ ಸ್ವಾಬ್ ಕಡ್ಡಿ ಪ್ಲಾಸ್ಟಿಕ್ಕಿನದಿರಲಿ, ತುದಿ ಪಾಲಿಯೆಸ್ಟರ್ ಅಥವಾ ರೇಯಾನ್ ಇರಲಿ. ಮರದ ಕಡ್ಡಿಗೆ ಹತ್ತಿ ಸುತ್ತಿದ್ದು ಬೇಡವೇ ಬೇಡ, ಅದು ವೈರಸ್ಸಿನ ಜೀನು ಹುಡುಕುವ ಪಿಸಿಆರ್ ಪರೀಕ್ಷೆಗೆ ಅಡ್ಡ ಬರುತ್ತದೆ. ಅಂಗಡಿಯ ಕಿವಿ ಕಡ್ಡಿಯೂ ಬೇಡ.

ಒಬ್ಬರು ಹಕ್ಕಿ ಹಿಡಿದು ಬಾಯಿ ತೆರೆಯಬೇಕು. ನಾಲಿಗೆಯ ಹಿಂದೆ ಸಣ್ಣ ಸೀಳೊಂದು ಉಸಿರಿನ ಜೊತೆ ತೆರೆದು ಮುಚ್ಚುತ್ತಿರುತ್ತದೆ. ಅದೇ ಶ್ವಾಸನಾಳದ ಬಾಗಿಲು. ಅದು ತೆರೆದಾಗ ಕಡ್ಡಿ ಇಳಿಸಿ, ಗೋಡೆಗೆ ತಾಗುವಂತೆ ಮೆಲ್ಲಗೆ ಎರಡು ಮೂರು ಸುತ್ತು ತಿರುಗಿಸಿ ತೆಗೆಯಬೇಕು. ತಪ್ಪಿ ಅನ್ನನಾಳಕ್ಕೆ ಹೋದರೆ ಫೀಡಿನ ಪುಡಿ ಅಂಟಿರುತ್ತದೆ. ಆ ಕಡ್ಡಿ ಎಸೆದು ಇನ್ನೊಂದು ತೆಗೆದುಕೊಳ್ಳಿ. ಮರಿಗಳಾದರೆ ಶ್ವಾಸನಾಳಕ್ಕೆ ಇಳಿಸುವುದು ಬೇಡ, ಅಂಗುಳಿನ ಸೀಳಿನಲ್ಲಿ ಉಜ್ಜಿದರೆ ಸಾಕು. ಹಿಕ್ಕೆ ದ್ವಾರದ ಸ್ವಾಬ್ ಬೇರೆ ಟ್ಯೂಬಿಗೆ. ಗಂಟಲಿನದರ ಜೊತೆ ಬೆರೆಸಲೇಬೇಡಿ.

ಕಡ್ಡಿಯನ್ನು ವೈರಸ್ ಸಾಗಣೆ ದ್ರವದಲ್ಲಿ ಅದ್ದಿ, ಹೆಚ್ಚಿನ ಉದ್ದ ಮುರಿದು, ಮುಚ್ಚಳ ಬಿಗಿ ಮಾಡಬೇಕು. ದ್ರವದ ಬಣ್ಣ ತಿರುಗಿ ಮಬ್ಬಾಗಿದ್ದರೆ ಅದನ್ನು ಬಳಸಬೇಡಿ. ಒಣ ಕಡ್ಡಿಯನ್ನು ಪ್ಲಾಸ್ಟಿಕ್ ಕವರಿಗೆ ತುರುಕಿ ಕಳಿಸುವುದು ನಾನು ಕಂಡ ಅತಿ ಕೆಟ್ಟ ಅಡ್ಡದಾರಿ.

ಇನ್ನು ತಂಪು. ಥರ್ಮೋಕೋಲ್ ಡಬ್ಬಿ, ಸುತ್ತ ಜೆಲ್ ಪ್ಯಾಕ್, ಸುಮಾರು 4 ಡಿಗ್ರಿ. ಮನೆಯ ಫ್ರಿಜ್‌ನ ಫ್ರೀಜರಿನಲ್ಲಿ ಇಡಬೇಡಿ, ಅಲ್ಲಿ ನಿಧಾನ ಹೆಪ್ಪುಗಟ್ಟಿ ವೈರಸ್ ಹಾಳಾಗುತ್ತದೆ. 24 ಗಂಟೆಯೊಳಗೆ ಲ್ಯಾಬ್ ತಲುಪಬೇಕು. ಶನಿವಾರ ಸಂಜೆ ಕೊರಿಯರ್‌ಗೆ ಹಾಕಿದರೆ ಸೋಮವಾರ ಸಿಗುವುದು ಬಿಸಿ ನೀರು. ನೀವೇ ಬೆಂಗಳೂರಿನ ಹೆಬ್ಬಾಳದ ಲ್ಯಾಬಿಗೆ ಒಯ್ದುಕೊಟ್ಟರೆ ಇನ್ನೂ ಒಳ್ಳೆಯದು. ಅಷ್ಟು ದೂರ ಆಗದಿದ್ದರೆ ಎಫ್‌ಟಿಎ ಕಾರ್ಡ್ (ಸ್ಯಾಂಪಲ್ ಒತ್ತಿ ಒಣಗಿಸುವ ವಿಶೇಷ ಕಾಗದ) ಕೇಳಿ. ಅದಕ್ಕೆ ಐಸ್ ಬೇಡ, ಆದರೆ ಅದರಿಂದ ಪಿಸಿಆರ್ ಮಾತ್ರ ಆಗುತ್ತದೆ, ವೈರಸ್ ಬೆಳೆಸಲು ಆಗದು.

ಅಂಗಾಂಶವನ್ನು ಫಾರ್ಮಲಿನ್‌ನಲ್ಲಿ ಕಳಿಸುವುದಿದ್ದರೆ ಆ ಬಾಟಲಿ ಬೇರೆ ಡಬ್ಬಿಯಲ್ಲೇ ಇರಲಿ. ಅದರ ಆವಿ ಪಕ್ಕದ ಟ್ಯೂಬಿನ ವೈರಸ್ಸನ್ನೂ ಕೊಲ್ಲುತ್ತದೆ.

ಆಂಟಿಬಯೋಟಿಕ್ ಬೇಕಾದರೆ ಸ್ಯಾಂಪಲ್ ತೆಗೆದ ಮರುನಿಮಿಷ ವೈದ್ಯರು ಹೇಳಿದ್ದನ್ನು ಶುರು ಮಾಡಿ. ಮೊದಲೇ ಕೊಟ್ಟರೆ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಏನೂ ಬೆಳೆಯದೇ ಹೋಗಬಹುದು.

ಹಂತ 5: ರಕ್ತ ಎರಡು ಸಲ

ಈಗೊಮ್ಮೆ, ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ. ಲಸಿಕೆ ಹಾಕಿದ ಬ್ಯಾಚಿನಲ್ಲಿ ಒಂದೇ ಸಲದ ಟೈಟರ್ (ರಕ್ತದಲ್ಲಿನ ಪ್ರತಿಕಾಯದ ಮಟ್ಟ) ನೋಡಿ ರೋಗ ಅಂತ ಹೇಳಲಾಗದು. ಎರಡನೆಯದು ನಾಲ್ಕು ಪಟ್ಟು ಏರಿದ್ದರೆ ಅದಕ್ಕೆ ಅರ್ಥವಿದೆ. ರಕ್ತದ ಟ್ಯೂಬನ್ನು ಓರೆಯಾಗಿಟ್ಟು, ಹೆಪ್ಪುಗಟ್ಟಿದ ಮೇಲೆ ಬೇರೆಯಾಗುವ ತಿಳಿ (ಸೀರಂ) ಬಸಿದು ಬೇರೆ ಟ್ಯೂಬಿಗೆ ಹಾಕಿ.

ಹಂತ 6: ವರದಿ ಓದುವಾಗ

'ರಾಣಿಖೇತ್ ಪಾಸಿಟಿವ್' ಅಂತ ಬಂದ ಕೂಡಲೇ ಗಾಬರಿ ಬೇಡ. ರಾಣಿಖೇತ್‌ನ ಜೀವಂತ ಲಸಿಕೆ ಲಾಸೋಟ ಹಾಕಿದ ಹಕ್ಕಿಯ ಗಂಟಲಲ್ಲಿ ಲಸಿಕೆಯ ವೈರಸ್ಸೇ ಸಿಗಬಹುದು. ಹಂತ 2ರ ಹಾಳೆ ಬೇಕಾಗುವುದು ಈಗಲೇ. ಕಾಡು ವೈರಸ್ಸೋ ಲಸಿಕೆಯದೋ ತಿಳಿಯಲು ವೈರಸ್ಸಿನ ಎಫ್ ಜೀನಿನ ಸೀಕ್ವೆನ್ಸಿಂಗ್ (ಅದರ ಅಕ್ಷರಗಳನ್ನು ಓದುವ ಪರೀಕ್ಷೆ) ಆಗುತ್ತದಾ ಅಂತ ಲ್ಯಾಬಿನವರನ್ನು ಕೇಳಿ. ನೆಗೆಟಿವ್ ಬಂದರೂ ಸುಮ್ನೆ ಒಪ್ಪಬೇಡಿ. ಯಾವ ದಿನದ ಹಕ್ಕಿ, ಎಷ್ಟು ಗಂಟೆಗೆ ಲ್ಯಾಬ್ ಸೇರಿತು ಅಂತ ನೋಡಿ, ಅನುಮಾನವಿದ್ದರೆ ಹೊಸದಾಗಿ ಸೀನುತ್ತಿರುವ ಹಕ್ಕಿ ಹಿಡಿದು ಮತ್ತೆ ಕಳಿಸಿ. ಹತ್ತು ನಿಮಿಷದಲ್ಲಿ ಫಲಿತಾಂಶ ಕೊಡುವ ಸ್ಟ್ರಿಪ್ ಕಿಟ್‌ಗಳಲ್ಲಿ ನೆಗೆಟಿವ್ ಬಂದರಂತೂ ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವೈರಸ್ ಕಡಿಮೆ ಇದ್ದರೆ ಅವಕ್ಕೆ ಕಾಣುವುದಿಲ್ಲ.

ವರದಿ ಬರುವವರೆಗೆ ಆ ಶೆಡ್ಡಿನ ಚಪ್ಪಲಿ ಆ ಶೆಡ್ಡಿನಲ್ಲೇ ಇರಲಿ. ಫೀಡಿನ ಗಾಡಿ ಗೇಟಿನ ಹೊರಗೇ ನಿಲ್ಲಲಿ. ಸತ್ತ ಹಕ್ಕಿಯನ್ನು ಸುಣ್ಣ ಹಾಕಿ ಆಳವಾಗಿ ಹೂಳಿ.