ತಪ್ಪಿದರೆ ಬಿಚ್ಚಿ, ಮತ್ತೆ ಹೆಣೆಯಿರಿ

ದಾವಣಗೆರೆ ಬಿಸಿಲಿಗೆ ಉಲ್ಲನ್ ಹೆಣೀತೀಯಲ್ಲ, ನಿನಗೇನು ತಲೆ ಕೆಟ್ಟಿದೆಯಾ ಅಂತ ನಮ್ಮ ಯಜಮಾನರು ಮೊದಮೊದಲು ನಗುತ್ತಿದ್ದರು. ಈಗ ಡಿಸೆಂಬರ್ ಬಂತೆಂದರೆ, ಬೆಳಗಿನ ವಾಕಿಂಗ್‌ಗೆ ಮುಂಚೆ ಟೊಪ್ಪಿಗೆ ಎಲ್ಲಿ ಅಂತ ಹುಡುಕುವವರು ಅವರೇ.

ನನ್ನ ತವರು ಚಳ್ಳಕೆರೆ ಕಡೆ. ಕಂಬಳಿ ಮಗ್ಗದ ಸದ್ದು ಕೇಳುತ್ತಲೇ ಬೆಳೆದವಳು ನಾನು. ಕಂಬಳಿಗೆ ಹಾಸು, ಹೊಕ್ಕು ಎರಡೂ ಬೇಕು. ಹೆಣಿಗೆಗೆ ಒಂದೇ ಎಳೆ, ಕುಣಿಕೆಯೊಳಗೆ ಕುಣಿಕೆ. ಅದಕ್ಕೇ ತುದಿ ಹಿಡಿದು ಎಳೆದರೆ ಸರಸರ ಬಿಚ್ಚಿಕೊಳ್ಳುತ್ತದೆ. ಸಾರಿಗೆ ಬಿದ್ದ ಉಪ್ಪನ್ನು ತೆಗೆಯಲು ಬರುವುದಿಲ್ಲ, ತಪ್ಪಾಗಿ ಕತ್ತರಿಸಿದ ರವಿಕೆ ಬಟ್ಟೆ ಮತ್ತೆ ಕೂಡುವುದಿಲ್ಲ. ಹೆಣಿಗೆಯಲ್ಲಿ ತಪ್ಪಿದರೆ ಹೋಗುವುದು ಒಂದು ಸಂಜೆ, ಅಷ್ಟೆ.

ಹಾಗಾಗಿ ಹೊಸ ಉಲ್ಲನ್ ಕೊಳ್ಳುವ ಮುಂಚೆ ಬೀರು ತೆಗೆದು ನೋಡಿ. ಮಕ್ಕಳಿಗೆ ಗಿಡ್ಡವಾದ ಕೈಹೆಣಿಗೆಯ ಸ್ವೆಟರ್ ಸಿಕ್ಕರೆ ಪಕ್ಕದ ಹೊಲಿಗೆ ಬಿಡಿಸಿ, ಕೊನೆಯ ಸಾಲಿನಿಂದ ಬಿಚ್ಚಿ. ಅಂಗಡಿಯದು ಬೇಡ. ಎಷ್ಟೋ ಸಲ ಕತ್ತರಿಸಿ ಹೊಲಿದಿರುತ್ತಾರೆ, ಎಳೆ ತುಂಡು ತುಂಡಾಗಿ ಬರುತ್ತದೆ. ಬಿಚ್ಚಿದ ದಾರ ಗುಂಗುರು ಕೂದಲಿನ ಹಾಗಿರುತ್ತದೆ, ಹೆದರಬೇಡಿ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ. ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ. ಹಿಂಡಬೇಡಿ, ಟವೆಲಿನಲ್ಲಿ ಒತ್ತಿ ನೆರಳಲ್ಲಿ ತೂಗುಹಾಕಿ. ನೀರಿನ ಭಾರಕ್ಕೇ ದಾರ ನೆಟ್ಟಗಾಗುತ್ತದೆ. ನಾನೊಮ್ಮೆ ಆತುರಪಟ್ಟು ಕುದಿಯುವ ನೀರು ಸುರಿದು ತಿರುವಿಬಿಟ್ಟೆ. ಅಪ್ಪಟ ಕುರಿಯುಣ್ಣೆ, ಒಂದಕ್ಕೊಂದು ಅಂಟಿ ಮುದ್ದೆಯಾಯಿತು. ಆಮೇಲೆ ಅದು ಪಾತ್ರೆ ಉಜ್ಜಲಿಕ್ಕೂ ಬರಲಿಲ್ಲ.

ಲಾಭ ಏನು ಅಂತ ಕೇಳುತ್ತೀರಿ ಅಲ್ವಾ? ಸೀರಿಯಲ್ ನೋಡುವಾಗ ಮಂಡಕ್ಕಿ ಮೆಣಸಿನಕಾಯಿ ತಟ್ಟೆಗೆ ಹೋಗುವ ಕೈ ಕಡ್ಡಿ ಹಿಡಿದಿರುತ್ತದೆ, ಅದೊಂದು. ಬೆರಳಿಗೆ ಕೆಲಸ ಸಿಗುತ್ತದೆ. ಆದರೆ ಅರ್ಧ ಗಂಟೆಗೊಮ್ಮೆ ಎದ್ದು ಕೈ, ಕತ್ತು ಆಡಿಸಬೇಕು, ಇಲ್ಲದಿದ್ದರೆ ಮಣಿಕಟ್ಟು ಹಿಡಿದುಕೊಳ್ಳುತ್ತದೆ. ಇನ್ನೊಂದು, ಎಣಿಕೆ. ಮಗಳ ಹೆರಿಗೆಯ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಒಂದು ಸೀದಾ ಕುಣಿಕೆ, ಒಂದು ಉಲ್ಟಾ ಕುಣಿಕೆ ಅಂತ ಎಣಿಸುತ್ತಾ ಬೆಳಗು ಮಾಡಿದೆ. ಅಂದು ಹೆಣೆದ ಟೊಪ್ಪಿಗೆಯ ತುಂಬಾ ತಪ್ಪು. ಅದೊಂದನ್ನು ಬಿಚ್ಚಿಲ್ಲ.

ಹೊಸಬರು ಸ್ವೆಟರಿಗೆ ಕೈ ಹಾಕಬೇಡಿ. 8 ನಂಬರ್ ಕಡ್ಡಿ, ಅಂದರೆ 4 ಮಿಲಿಮೀಟರಿನದು, ತೆಗೆದುಕೊಳ್ಳಿ. 30 ಕುಣಿಕೆ ಹಾಕಿ, ಬರೀ ಸೀದಾ ಹೆಣೆಯುತ್ತಾ ಹೋಗಿ, ಚೌಕವಾದಾಗ ನಿಲ್ಲಿಸಿ. ಎರಡು ಪದರ ಸೇರಿಸಿ ಹೊಲಿದರೆ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ ಆಯಿತು. ಅದಕ್ಕೆ ಹತ್ತಿ ದಾರವೇ ಆಗಬೇಕು. ಹತ್ತಿ ಗಿರಣಿಗಳಿಂದ ಹೆಸರು ಮಾಡಿದ ಊರು ನಮ್ಮದು ಅಂತ ಜಂಬಕ್ಕೆ ಹೇಳುತ್ತಿಲ್ಲ, ಅಕ್ರಿಲಿಕ್ ಅನ್ನುವ ಕೃತಕ ದಾರ ಬಿಸಿಗೆ ಕರಗಿ ಕೈಗೆ ಅಂಟುತ್ತದೆ.

ಕೂಸಿಗೆ ಕಾಲುಚೀಲ ಹೆಣೆದರೆ ತೊಡಿಸುವ ಮುಂಚೆ ಒಳಮಗ್ಗುಲು ತಿರುಗಿಸಿ ನೋಡಿ. ಸಡಿಲ ಎಳೆ ಇದ್ದರೆ ಪುಟ್ಟ ಬೆರಳಿಗೆ ಸುತ್ತಿಕೊಂಡು ರಕ್ತ ಓಡದ ಹಾಗೆ ಬಿಗಿಯುತ್ತದೆ. ಕೂಸು ಸುಮ್ನೆ ಅಳುತ್ತಿದೆ ಅಂದುಕೊಳ್ಳಬೇಡಿ, ಮೊದಲು ಕಾಲುಚೀಲ ಬಿಚ್ಚಿ.