ಕಷ್ಟದ ಶ್ವಾಸನಾಳದ ಮಗು: ಕಂಪ್ಯೂಟರ್ ದಾಖಲೆಯಲ್ಲಿ ಏನಿರಬೇಕು, ಎಲ್ಲಿ ಕಾಣಬೇಕು

ದಾಖಲೆಯಲ್ಲಿ ‘ಡಿಫಿಕಲ್ಟ್ ಏರ್‌ವೇ’ (ಉಸಿರಾಟದ ಟ್ಯೂಬ್ ಹಾಕಲು ಕಷ್ಟವಾಗುವ ಶ್ವಾಸಮಾರ್ಗ) ಎಂದಷ್ಟೇ ಬರೆದು ಬಿಟ್ಟರೆ ಮುಂದಿನ ಅರಿವಳಿಕೆ ವೈದ್ಯರಿಗೆ ಹೆದರಿಕೆ ಹುಟ್ಟೀತೇ ಹೊರತು ದಾರಿ ಕಾಣದು. ಕಳೆದ ಸಲ ಯಾವುದು ಕೈಕೊಟ್ಟಿತು, ಯಾವುದು ಕೈಹಿಡಿಯಿತು ಎಂಬುದು ಅವರಿಗೆ ಬೇಕು. ಅದಕ್ಕೆ ಪ್ರತ್ಯೇಕ ಖಾನೆಗಳಿರುವ ಒಂದು ಪುಟ ಮಾಡಿಸಿ. ಟ್ರೀಚರ್ ಕಾಲಿನ್ಸ್ (ಹುಟ್ಟಿನಿಂದಲೇ ಮುಖ, ದವಡೆಯ ಎಲುಬು ಸರಿಯಾಗಿ ಬೆಳೆಯದ ಸ್ಥಿತಿ) ಇರುವ ನಾಲ್ಕು ವರ್ಷದ ಮಗುವಿನ ಪುಟ ಹೀಗಿರಬಹುದು:

‘ತೂಕ 14 ಕೆಜಿ, ಇಂದು ತೂಗಿದ್ದು. ಮಾಸ್ಕ್: ಇಬ್ಬರು ಹಿಡಿದರೆ ಗಾಳಿ ಹೋಗುತ್ತದೆ. ನೇರ ಲ್ಯಾರಿಂಗೋಸ್ಕೋಪ್: ಗ್ರೇಡ್ 4, ಒಂದು ಯತ್ನ, ಆಗಲಿಲ್ಲ. ಸುಪ್ರಾಗ್ಲಾಟಿಕ್ ಸೈಜ್ 2 ಸರಿಯಾಗಿ ಕೂತಿತು. ಅದರೊಳಗಿಂದ ಫೈಬರ್‌ಆಪ್ಟಿಕ್ ಬಳಸಿ ಕಫ್ ಇರುವ 4.0 ಟ್ಯೂಬ್, ತುಟಿಯ ಬಳಿ 13.5 ಸೆಂ.ಮೀ. ಒಟ್ಟು ಯತ್ನ 2. ಅತಿ ಕಡಿಮೆ ಸ್ಯಾಚುರೇಷನ್ 84.’

ಇಲ್ಲಿ ಲ್ಯಾರಿಂಗೋಸ್ಕೋಪ್ ಎಂದರೆ ಧ್ವನಿಪೆಟ್ಟಿಗೆ ನೋಡುವ ಸಾಧನ, ಗ್ರೇಡ್ 4 ಎಂದರೆ ಅದರಲ್ಲಿ ಧ್ವನಿಪೆಟ್ಟಿಗೆಯ ಯಾವ ಭಾಗವೂ ಕಾಣಲಿಲ್ಲ. ಸುಪ್ರಾಗ್ಲಾಟಿಕ್ ಎಂದರೆ ಧ್ವನಿಪೆಟ್ಟಿಗೆಯ ಮೇಲೆ ಕೂರುವ ಉಸಿರಾಟದ ಸಾಧನ, ಫೈಬರ್‌ಆಪ್ಟಿಕ್ ಎಂದರೆ ಬಾಗುವ ತೆಳು ದರ್ಶಕ. 4.0 ಟ್ಯೂಬಿನ ಒಳವ್ಯಾಸ, ಮಿ.ಮೀ.ನಲ್ಲಿ; ಕಫ್ ಎಂದರೆ ಅದರ ತುದಿಯ ಬಳಿ ಗಾಳಿ ತುಂಬುವ ಉಂಗುರ. ಸ್ಯಾಚುರೇಷನ್ ಎಂದರೆ ರಕ್ತದ ಆಮ್ಲಜನಕ, ಶೇಕಡಾದಲ್ಲಿ.

ಕಫ್ ಟ್ಯೂಬಿಗೆ ವಯಸ್ಸನ್ನು 4ರಿಂದ ಭಾಗಿಸಿ 3.5 ಕೂಡಿಸುವುದು ರೂಢಿಯ ಲೆಕ್ಕ. ಅದರ ಪ್ರಕಾರ ಈ ಮಗುವಿಗೆ 4.5 ಬರುತ್ತದೆ. ಹೋದದ್ದು 4.0. ಸಾಫ್ಟ್‌ವೇರ್ ಲೆಕ್ಕದ ಅಂಕಿಯನ್ನು ತಾನೇ ‘ಬಳಸಿದ ಟ್ಯೂಬ್’ ಖಾನೆಗೆ ತುಂಬುವಂತಿದ್ದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಆ ಖಾನೆ ಖಾಲಿಯಾಗಿಯೇ ತೆರೆದುಕೊಳ್ಳಲಿ. ಹಳೆಯ ಟಿಪ್ಪಣಿಯನ್ನು ಕಾಪಿ ಮಾಡುವ ಸೌಲಭ್ಯವನ್ನೂ ಇಲ್ಲಿ ಮುಚ್ಚಿಸಿ. ಮಗು ಓಟಿಯಿಂದ ಹೊರಡುವ ಮುಂಚೆಯೇ ಪುಟ ತುಂಬಬೇಕು. ಸಂಜೆಗೆಂದು ಬಿಟ್ಟರೆ ಯತ್ನಗಳ ಎಣಿಕೆಯೇ ಮೊದಲು ಮರೆತುಹೋಗುತ್ತದೆ.

ಎಚ್ಚರಿಕೆ ಎಲ್ಲಿ ಕಾಣಬೇಕು? ಮಗುವಿನ ಹೆಸರಿನ ಪಕ್ಕ ಒಂದು ಬಣ್ಣದ ಪಟ್ಟಿ ಸದಾ ಇರಲಿ. ತಡೆದು ನಿಲ್ಲಿಸುವ ಪಾಪ್‌ಅಪ್ ಮಾತ್ರ ಎರಡೇ ಕಡೆ: ನಿದ್ರೆಯ ಔಷಧ ಬರೆಯುವಾಗ, ಸ್ನಾಯು ಸಡಿಲಿಸುವ ಔಷಧ ಬರೆಯುವಾಗ. ಎಂಆರ್‌ಐಗೆ ‘ಸ್ವಲ್ಪ ನಿದ್ರೆ ಕೊಡಿ’ ಎಂದು ವಾರ್ಡಿನಿಂದ ಹೋಗುವ ಆದೇಶವೇ ಹೆಚ್ಚು ಅಪಾಯದ್ದು, ಅಲ್ಲಿ ಅರಿವಳಿಕೆ ತಂಡ ಇರದೇ ಇರಬಹುದು. ಪ್ಯಾರಾಸಿಟಮಾಲ್ ಬರೆದರೂ ಪಾಪ್‌ಅಪ್ ಬಂದರೆ ಎರಡೇ ವಾರದಲ್ಲಿ ಎಲ್ಲರೂ ಓದದೆ ಓಕೆ ಒತ್ತುತ್ತಾರೆ.

ಪಟ್ಟಿಗೆ ತಾರೀಖು ಬೇಕೇ ಬೇಕು. ಪಿಯರ್ ರಾಬಿನ್ (ಹುಟ್ಟಿನಿಂದ ಕೆಳದವಡೆ ಚಿಕ್ಕದಾಗಿರುವ ಸ್ಥಿತಿ) ಇರುವ ಮಗುವಿನ ಕೆಳದವಡೆ ಬೆಳೆದಂತೆ ಟ್ಯೂಬ್ ಹಾಕುವುದು ಹೆಚ್ಚಾಗಿ ಸುಲಭವಾಗುತ್ತದೆ. ಟ್ರೀಚರ್ ಕಾಲಿನ್ಸ್‌ನಲ್ಲಿ, ಹರ್ಲರ್, ಹಂಟರ್ ಎಂಬ ಆನುವಂಶಿಕ ಶೇಖರಣಾ ರೋಗಗಳಲ್ಲಿ ವಯಸ್ಸಾದಂತೆ ಕಷ್ಟ ಏರಬಹುದು. ಪಟ್ಟಿ ತೆಗೆಯುವ ಅಧಿಕಾರ ಅರಿವಳಿಕೆ ಅಥವಾ ಇಎನ್‌ಟಿ ವೈದ್ಯರಿಗಷ್ಟೇ ಇರಲಿ. ತೆಗೆದರೂ ಹಳೆಯ ಪುಟ ಅಳಿಯಬಾರದು.

ಟ್ರೇಕಿಯಾಸ್ಟಮಿ (ಕತ್ತಿನಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ಹಾಕಿದ ಟ್ಯೂಬ್) ಇದ್ದರೆ ಇನ್ನಷ್ಟು ಸೇರಿಸಿ: ಟ್ಯೂಬಿನ ಬ್ರ್ಯಾಂಡ್, ಒಳವ್ಯಾಸ, ಉದ್ದ, ಕಫ್ ಇದೆಯೇ, ಕಫ ಹೀರುವ ಸಕ್ಷನ್ ಕ್ಯಾತಿಟರ್ ಎಷ್ಟು ಸೆಂ.ಮೀ. ಇಳಿಸಬೇಕು, ಕೊನೆಯ ಬದಲಾವಣೆಯ ದಿನ. ಎಲ್ಲಕ್ಕಿಂತ ಮುಖ್ಯ, ಟ್ಯೂಬ್ ಕಳಚಿದರೆ ಮೂಗು–ಬಾಯಿಯಿಂದ ಉಸಿರು ಕೊಡಬಹುದೇ ಎಂಬುದು. ಇದನ್ನು ಮುದ್ರಿಸಿ ಹಾಸಿಗೆಯ ತಲೆಕಡೆ ಅಂಟಿಸಿ, ಪಕ್ಕದಲ್ಲೇ ಅದೇ ಅಳತೆಯದೊಂದು, ಒಂದು ಸೈಜ್ ಚಿಕ್ಕದೊಂದು ಟ್ಯೂಬ್ ಇಡಿ. ಟ್ಯೂಬ್ ಕಳಚಿದ ಹೊತ್ತಿನಲ್ಲಿ ಯಾರೂ ಪಾಸ್‌ವರ್ಡ್ ಹೊಡೆಯುತ್ತಾ ಕೂರುವುದಿಲ್ಲ.

ಡಿಸ್ಚಾರ್ಜ್ ವೇಳೆ ಈ ಪುಟದ ಪ್ರತಿ ತಂದೆತಾಯಿಯ ಕೈಯಲ್ಲಿರಲಿ, ಕನ್ನಡದಲ್ಲಿ ನಾಲ್ಕು ಸಾಲಿನ ವಿವರಣೆಯೊಂದಿಗೆ. ಮಗುವಿಗೆ 14 ಅಂಕಿಯ ಆಭಾ (ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ) ಸಂಖ್ಯೆ ಇದ್ದರೆ ಅದಕ್ಕೂ ಜೋಡಿಸಿ; ಆದರೂ ಕಾಗದ ಬಿಡಬೇಡಿ, ಊರಿನ ಆಸ್ಪತ್ರೆಯಲ್ಲಿ ಅದೇ ಮೊದಲು ಸಿಗುವುದು.

ತಿಂಗಳಿಗೊಮ್ಮೆ ಐಟಿಯವರಿಂದ ಹೆಸರುಗಳ ಎರಡು ಪಟ್ಟಿ ಮಾಡಿಸಿ: ಎರಡಕ್ಕಿಂತ ಹೆಚ್ಚು ಯತ್ನ ದಾಖಲಾಗಿದ್ದೂ ಎಚ್ಚರಿಕೆಯಿಲ್ಲದ ಮಕ್ಕಳು, ಟ್ರೇಕಿಯಾಸ್ಟಮಿ ಇದ್ದೂ ಪುಟವಿಲ್ಲದ ಮಕ್ಕಳು. ಎರಡನೇ ಪಟ್ಟಿಯಲ್ಲಿ ಒಂದೇ ಹೆಸರಿದ್ದರೂ ಅಂದೇ ಆ ಹಾಸಿಗೆಯ ಬಳಿ ಹೋಗಿ ತುಂಬಿಸಿ.